ಲ್ಯಾಪ್‌ಟಾಪಿಗೆ ಬಂದ ಪಾರ್ಟಿಷನ್

ಇಂಗ್ಲಿಷನ್ನು ಕೆಲವರು ಸ್ಕೂಲಿನಲ್ಲಿ ಕಲಿಯುತ್ತಾರೆ, ಕೆಲವರು ಟೀವಿ ನೋಡಿ ಕಲಿಯುತ್ತಾರೆ. ನಾನು ಕಲಿತದ್ದು ಕೋರ್ಟಿನ ಹೊರಗೆ, ಮರದ ಕೆಳಗೆ ಕುಕ್ಕರಗಾಲಿನಲ್ಲಿ ಕೂತು. ಮಾವ ತೀರಿಕೊಂಡ ಮೇಲೆ ನನ್ನ ಗಂಡನಿಗೂ ಅವನ ತಮ್ಮ ಪುಟ್ಟಸ್ವಾಮಿಗೂ ನರಸೀಪುರದ ಜಮೀನಿಗಾಗಿ ವ್ಯಾಜ್ಯ ಬಿತ್ತು. ಬುತ್ತಿ ಕಟ್ಟಿಕೊಂಡು ವಾಯಿದೆಗೆ ಅಲೆದೂ ಅಲೆದೂ ನನಗೆ ಸ್ಟೇ, ಅಪೀಲು, ಪಾರ್ಟಿಷನ್ ಎಂಬ ಮಾತುಗಳು ಬಾಯಿಪಾಠವಾದವು. ಕನ್ನಡವನ್ನೇ ಅಕ್ಷರ ಅಕ್ಷರ ಕೂಡಿಸಿಕೊಂಡು ಓದುವವಳು ನಾನು. ಆದರೆ ಪಾರ್ಟಿಷನ್ ಅಂತ ಯಾರಾದರೂ ಅಂದರೆ ನಿದ್ದೆಯಲ್ಲಿದ್ದರೂ ಎದ್ದು ಕೂರುತ್ತೇನೆ. ಕೊನೆಗೆ ನಮ್ಮದೂ ಆಯಿತು. ನೀರು ಕಾಯಿಸುವ ಹಂಡೆ ನಮಗೆ ಬಂತು, ಅದರ ಮುಚ್ಚಳ ಅವರಿಗೆ ಹೋಯಿತು. ನಮ್ಮ ನೀರು ಕಾಯುವುದು ನಿಧಾನವಾಯಿತು. ಅವರು ಆ ಮುಚ್ಚಳದಲ್ಲಿ ಏನು ಕಾಯಿಸಿದರೋ ನಂಜುಂಡನೇ ಬಲ್ಲ.

ಆಮೇಲೆ ನಾವು ನಂಜನಗೂಡಿಗೆ ಬಂದೆವು. ಗಂಡ ಹೋದ. ಪುಟ್ಟಸ್ವಾಮಿಗೂ ನನಗೂ ಮತ್ತೆ ಮಾತು ಬಂತು. ವಯಸ್ಸಾದ ಮೇಲೆ ಜಗಳ ಆಡುವುದಕ್ಕಾದರೂ ಗೊತ್ತಿರುವವರು ಬೇಕಲ್ಲ. ನನಗೆ ಇದ್ದದ್ದು ಒಂದೇ ಜಂಬ. ಇಬ್ಬರು ಗಂಡುಮಕ್ಕಳು, ಒಂದೇ ಒಲೆ. ಬೀದಿಯಲ್ಲಿ ಯಾರ ಮನೆ ಒಡೆದರೂ ನಾನು ಹೋಗಿ, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲಪ್ಪ ಎಂದು ಹೇಳಿಯೇ ಬರುತ್ತಿದ್ದೆ.

ದೊಡ್ಡವನು ಸಿದ್ದರಾಜು ತಾಂಡ್ಯದ ಫ್ಯಾಕ್ಟರಿಗೆ ಹೋಗುತ್ತಾನೆ. ಅಲ್ಲಿ ಆಫೀಸಿನವರು ಬೇಡವೆಂದು ಎಸೆಯುವುದಕ್ಕಿಟ್ಟಿದ್ದ ಒಂದು ಲ್ಯಾಪ್‌ಟಾಪನ್ನು ಕೇಳಿ ತಂದ. ತೊಡೆಯ ಮೇಲಿಡುವ ವಸ್ತು ಅಂತೆ. ಇಟ್ಟುಕೊಂಡರೆ ತೊಡೆ ಬೇಯುತ್ತಿತ್ತು. ಅದು ಕಣ್ಣು ಬಿಡುವಷ್ಟರಲ್ಲಿ ನಾನು ಅನ್ನಕ್ಕಿಟ್ಟು ಬಸಿದು ಮುಗಿಸಬಹುದಿತ್ತು. ಚಿಕ್ಕವನು ಮಹೇಶ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದ. ಸುಸ್ಥಿತಿಯಲ್ಲಿದ್ದ ನನ್ನ ರೇಡಿಯೋವನ್ನು ಬಿಚ್ಚಿ ಕೊನೆಗೆ ಒಂದು ತಟ್ಟೆ ಸ್ಕ್ರೂ ಕೊಟ್ಟವನು ಅವನೇ. ಅವತ್ತಿನಿಂದ ಅವನು ಏನು ಬಿಚ್ಚಲು ಕೂತರೂ ನಾನು ರಂಪ ಮಾಡುತ್ತಿದ್ದೆ.

ಒಂದು ಶನಿವಾರ ಸಂಜೆ ನಾನು ಬಾಗಿಲ ಹಿಂದೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಒಳಗೆ ಅಣ್ಣತಮ್ಮಂದಿರ ಪಿಸುಮಾತು.

"ಪಾರ್ಟಿಷನ್ ಮಾಡ್ದೆ ಆಗಕ್ಕಿಲ್ಲ ಕಣಣ್ಣ," ಅಂದ ಮಹೇಶ. "ವಿಂಡೋಸ್ ಇರೋ ಕಡೆ ನೀನ್ ಮಡೀಕೊ. ಇನ್ನೊಂದ್ ಅರ್ಧ ನಂಗ್ ಬುಡು, ಒಸದು ಆಕ್ತೀನಿ."

"ಅಳೇದ್ ಏನಾಯ್ತದ್ಲಾ?"

"ಅದೂ ಇರ್ಲಿ ಒಂದ್ ಮೂಲೇಲಿ. ಏನ್ ಕೇಳುದ್ರೂ ಗೊರಗೊರ ಅಂತದೆ. ಇನ್ನೇಸ್ ದಿನ ಓಡಾತು?"

"ನಾಳೆ ಬೆಳಿಗ್ಗೆ ಮಾಡ್ಬುಡವಾ. ಅವ್ವುಂಗ್ ಏಳಕ್ಕೋಗ್ಬ್ಯಾಡ, ರಂಪ ಮಾಡ್ತಾಳೆ."

ವಿಂಡೋ ಅಂದರೆ ಕಿಟಕಿ ಎಂದು ಮನೆ ಕಟ್ಟಿದ ಮೇಸ್ತ್ರಿಯಿಂದ ತಿಳಿದಿದ್ದೆ. ನಮ್ಮ ಮನೆಗೆ ಕಿಟಕಿ ಇರುವುದು ಬೀದಿ ಕಡೆಗೆ ಮಾತ್ರ. ಹಾಗಾದರೆ ದೊಡ್ಡವನಿಗೆ ಬೆಳಕಿನ ಕಡೆ, ಚಿಕ್ಕವನಿಗೆ ಕತ್ತಲೆ ಕಡೆ, ಹಳೆಯದಾದ ನನಗೆ ಮೂಲೆ. ಮೂಲೆ ನನಗೆ ಬೇಸರವಿಲ್ಲ, ಬೆನ್ನಿಗೆ ಎರಡು ಕಡೆ ಗೋಡೆ ಸಿಗುತ್ತದೆ. ಇನ್ನೆಷ್ಟು ದಿನ ಓಡೀತು ಎಂದ ಮಾತಿಗೆ ಮಾತ್ರ ಮೈಯೆಲ್ಲ ಉರಿಯಿತು. ಆರಿಸಿದ ಕಲ್ಲನ್ನು ಅಕ್ಕಿಗೇ ಹಾಕಿ ಎದ್ದೆ.

ಮೂಲೆಯಂಗಡಿಯ ಕಾಯಿನ್ ಬೂತಿನಿಂದ ನರಸೀಪುರಕ್ಕೆ ಫೋನು ಮಾಡಿದೆ.

"ಪುಟ್ಟಸ್ವಾಮಿ, ಐಕ್ಳು ಪಾರ್ಟಿಷನ್ಗೆ ಕೂತವೆ ಕಣಪ್ಪ. ಕಿಟ್ಕಿ ಕಡೆ ಪೂರಾ ದೊಡ್ಡೋನ್ಗಂತೆ."

"ದೊಡ್ಡೋರು ಯಾವಾಗ್ಲೂ ಅಂಗೇಯ, ನಂಗೊತ್ತಿಲ್ವಾ?" ಅಂದ. ಕುಟುಕುವುದನ್ನು ಅವನು ಬಿಟ್ಟವನಲ್ಲ. "ಇರು ಅತ್ಗೆ, ಮೊದುಲ್ನೆ ಬಸ್ಗೇ ಬತ್ತೀನಿ."

ಅವನ ದನಿಯಲ್ಲಿ ಮದುವೆಗೆ ಹೊರಟವನ ಹುರುಪಿತ್ತು. ಪಾಪ, ಎಷ್ಟೋ ವರ್ಷದಿಂದ ಅವನಿಗೂ ಒಂದು ವ್ಯಾಜ್ಯ ಸಿಕ್ಕಿರಲಿಲ್ಲ.

ಬೆಳಿಗ್ಗೆ ಅವನು ಬಂದಾಗ ಮಕ್ಕಳಿಬ್ಬರೂ ಮಂಚದ ಮೇಲೆ ಲ್ಯಾಪ್‌ಟಾಪಿನ ಮುಂದೆ ಬಗ್ಗಿದ್ದರು. ಅದರ ಹೊಟ್ಟೆಯಲ್ಲಿ ಸೀಡಿ ಗಿರಗಿರ ತಿರುಗುತ್ತಿತ್ತು. ಪುಟ್ಟಸ್ವಾಮಿ ಹಿಂದಿನಿಂದ ಹೋಗಿ ಛತ್ರಿಯನ್ನು ನೆಲಕ್ಕೆ ಕುಟ್ಟಿ, "ಯಾವನ್ಲಾ ಪಾರ್ಟಿಷನ್ ಮಾಡೋನು?" ಎಂದು ಗುಡುಗಿದ. ಮಹೇಶ ಬೆಚ್ಚಿಬಿದ್ದ. ಅವನ ಬೆರಳು ಎಲ್ಲಿ ಬೀಳಬಾರದಿತ್ತೋ ಅಲ್ಲಿ ಬಿತ್ತು. ಆ ಯಂತ್ರ ಆಗ ಕೇಳುತ್ತಿದ್ದದ್ದು, ಹಳೆಯದರ ಪಕ್ಕದಲ್ಲಿ ಇಳಿಯಲೋ, ಹಳೆಯದನ್ನೆಲ್ಲ ಅಳಿಸಿ ಇಡಿಯಾಗಿ ಕೂರಲೋ ಎಂದು. ಬೆರಳು ಇಡಿಯಾಗಿ ಕೂರು ಅಂದಿತು.

"ಓಯ್ತು," ಅಂದ ಸಿದ್ದರಾಜು. "ನನ್ ಆಡೆಲ್ಲಾ ಓಯ್ತು." ಹಾಡು ಕೂಡಿಹಾಕುವುದು ಅವನ ಹುಚ್ಚು.

ಆಮೇಲೆ ನಮಗೆ ವಿವರ ಸಿಕ್ಕಿತು. ವಿಂಡೋಸ್ ಅನ್ನುವುದು ಕಂಪ್ಯೂಟರನ್ನು ಓಡಿಸುವ ಒಂದು ವಿದ್ಯೆ, ಗೊರಗೊರ ಅನ್ನುವ ಹಳೆಯದು ಎಂದರೆ ಅದೇ, ಮಹೇಶ ಹಾಕುತ್ತಿದ್ದ ಲಿನಕ್ಸು ಇನ್ನೊಂದು, ಎರಡಕ್ಕೂ ಜಾಗ ಮಾಡಿಕೊಡಲು ಒಳಗಿನ ಡಿಸ್ಕನ್ನು ಭಾಗ ಮಾಡಬೇಕು, ಅದೇ ಪಾರ್ಟಿಷನ್. ಪುಟ್ಟಸ್ವಾಮಿ ತಲೆದೂಗಿ ಕೇಳಿಸಿಕೊಂಡ.

"ಎಷ್ಟದೆ ಒಟ್ಟು?"

"ನಲವತ್ ಜೀಬಿ ಚಿಕ್ಕಪ್ಪ."

"ಖುಷ್ಕಿ ಒಲನೋ, ತರಿ ಗದ್ದೆನೋ?"

ಮಹೇಶ ನಕ್ಕ. ಸಿದ್ದರಾಜು ನಗಲಿಲ್ಲ. "ನನ್ ಆಡ್ ಅಳ್ಸಾಕಿ ನಗ್ತೀಯಾ? ಲ್ಯಾಪ್‌ಟಾಪ್ ತಂದೋನು ನಾನು, ಮುಟ್ಬೇಡ."

"ಡಬ್ಬ ನಿಂದು. ಒಳಗಿರದೆಲ್ಲಾ ನಂದು."

"ಅಂಗಾ?" ಸಿದ್ದರಾಜು ಹೆಂಡತಿಯನ್ನು ಕೂಗಿದ. "ಸುಧಾ, ಇವತ್ತಿಂದ ಬ್ಯಾರೆ ಒಲೆ ಊಡು."

ಇಲ್ಲದ ಪಾರ್ಟಿಷನ್ ನಿಲ್ಲಿಸಲು ಹೋಗಿ ಇರುವ ಮನೆಯನ್ನೇ ಒಡೆಯುವ ಹಂತಕ್ಕೆ ತಂದಿದ್ದೆ. ಸೊಸೆ ಸುಧಾ ಅಡುಗೆಮನೆಯಿಂದಲೇ, "ಒಂದ್ ಒಲೆ ಉರಿಸೋದ್ರಲ್ಲೇ ನನ್ ಕಣ್ ಓಗ್ಬುಟ್ಟದೆ. ಬೇಕಾದ್ರೆ ನೀವೇ ಊಡ್ಕಳಿ, ನಂಗೂ ಒಂದ್ ಮುದ್ದೆ ಕೊಡಿ," ಅಂದಳು. ಅಷ್ಟು ಬಿಡುವು ನನಗೆ ಸಾಕಾಯಿತು. ಮಂಚದಿಂದ ಲ್ಯಾಪ್‌ಟಾಪನ್ನು ಎತ್ತಿ ಸೊಂಟಕ್ಕಿಟ್ಟುಕೊಂಡೆ.

"ಕೇಳ್ರುಲಾ. ದೊಡ್ಡೋನು ಫ್ಯಾಕ್ಟ್ರಿಗೋದಾಗ ಚಿಕ್ಕೋನ್ದು. ದೊಡ್ಡೋನ್ ಬಂದ್ಮೇಲೆ ಅವನ್ದು. ಓದ ಆಡ್ನೆಲ್ಲಾ ಮಹೇಶ ಉಡ್ಕಿ ತಂದ್ ತುಂಬ್ಬೇಕು, ಒಸ ವಿದ್ಯೆನೂ ಅಣ್ಣುಂಗೆ ಕಲಿಸ್ಬೇಕು. ಒಪ್ದಿದ್ರೆ ಇದ್ನ ಓಗಿ ಕಪಿಲೆಗೆ ಬುಡ್ತೀನಿ."

ಒಪ್ಪಿದರು. ಪುಟ್ಟಸ್ವಾಮಿ ಸಾಕ್ಷಿ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಅದನ್ನೇ ನೋಡುತ್ತಿದ್ದರು. ಹೊಸ ವಿದ್ಯೆಯಲ್ಲಿ ಅದು ಪುಟಪುಟನೆ ಓಡುತ್ತಿತ್ತು. ಎಲ್ಲರೂ ಒಂದೇ ಒಲೆಯ ಮುದ್ದೆ ಉಂಡೆವು.

ಪುಟ್ಟಸ್ವಾಮಿ ಊರಿಗೆ ಹೋಗಿ ಸುಮ್ಮನಿರುವ ಆಸಾಮಿಯಲ್ಲ. ನಂಜನಗೂಡಿನಲ್ಲಿ ಒಂದು ಪಾರ್ಟಿಷನ್ ಮುಗಿಸಿ ಬಂದೆ, ಅತ್ತಿಗೆಯೇ ನಿಂತು ಮಾಡಿಸಿದಳು ಎಂದು ಹೇಳಿಕೊಂಡು ತಿರುಗಿದ. ಮುಂದಿನ ಸೋಮವಾರ ದೇವಸ್ಥಾನದ ಹತ್ತಿರ ನರಸೀಪುರದ ಹೆಂಗಸೊಬ್ಬಳು ನನ್ನ ಕೈ ಹಿಡಿದುಕೊಂಡಳು. "ಅಕ್ಕ, ಎತ್ತ ಮಕ್ಳುನ್ನ ನೀನೇ ಬ್ಯಾರೆ ಮಾಡ್ಸ್‌ಬುಟ್ಟೆಯಂತಲ್ಲ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಿಜ ಹೇಳಬಹುದಿತ್ತು. ಹೇಳಿದರೆ ಡಿಸ್ಕು ಯಾವುದು, ಮನೆ ಯಾವುದು ಎಂದು ನನಗೆ ತಿಳಿಯದೇ ಹೋದದ್ದನ್ನೂ ಹೇಳಬೇಕಾಗುತ್ತಿತ್ತು.

"ಊಂ ಕಣವ್ವ," ಅಂದೆ. "ಮಾಡ್ಸ್‌ಬುಟ್ಟೆ."