ಒಂದು ತೆಗೆದರೆ ಒಂದು ಇಡಬೇಕು

ಎಲ್ಲಕ್ಕೂ ಕಾರಣ ಬ್ರೌನ್ ಪೇಪರು. ರಾಘವನ ಅಮ್ಮ ಪ್ರತಿ ಜೂನ್‌ನಲ್ಲೂ ಅವನ ನೋಟ್‌ಬುಕ್ಕುಗಳಿಗೆಲ್ಲ ಒಂದೇ ಸುರುಳಿಯಿಂದ ಬೈಂಡು ಹಾಕಿ, ಪುಟಪುಟಕ್ಕೂ ಕೆಂಪು ಪೆನ್ನಿನಲ್ಲಿ ಮಾರ್ಜಿನ್ ಎಳೆದು ಕೊಡುತ್ತಿದ್ದಳು. ಮಗ ಡಿಗ್ರಿಗೆ ಬಂದು ಮೀಸೆ ಮೂಡಿದ ಮೇಲೂ ಬಿಟ್ಟಿರಲಿಲ್ಲ. ಈ ಜೂನ್‌ನಲ್ಲಿ ದಿಂಬಿಗೊರಗಿಕೊಂಡೇ ಎಲ್ಲಕ್ಕೂ ಬೈಂಡು ಹಾಕಿದಳು. ಜುಲೈ ಮುಗಿಯುವ ಮೊದಲು ಹೋಗಿಬಿಟ್ಟಳು.

ಆಸ್ಪತ್ರೆಯ ಓಡಾಟದಲ್ಲಿ ರಾಘವನ ಹಾಜರಾತಿ ಅರ್ಧಕ್ಕರ್ಧ ಕರಗಿತ್ತು. ಸುಪ್ರಜಾ ಮೇಡಂ ಕರುಣೆಯಿಂದ ಒಂದು ದಾರಿ ತೋರಿಸಿದ್ದರು. 'ಈ ಸೆಮಿಸ್ಟರಿನಲ್ಲಿ ನಾನು ಬೆಳೆದ ಬಗೆ' ಎಂದು ಒಂದು ನೋಟ್‌ಬುಕ್ ತುಂಬ ಬರೆದು ಇವತ್ತು ಐದು ಗಂಟೆಯೊಳಗೆ ಕೊಟ್ಟರೆ ಪರೀಕ್ಷೆಗೆ ಕೂರಬಹುದು. ಇಲ್ಲದಿದ್ದರೆ ಮುಂದಿನ ವರ್ಷ ಇದೇ ಸೆಮಿಸ್ಟರು, ಜೂನಿಯರ್‌ಗಳ ಪಕ್ಕದ ಬೆಂಚು. ರಾಘವ ಎರಡು ದಿನ ಕೂತು ತುಂಬಿಸಿದ್ದ. ಟೈಮ್ ಮ್ಯಾನೇಜ್‌ಮೆಂಟ್ ಇತ್ತು, ನಾಯಕತ್ವದ ಗುಣವಿತ್ತು, ಅವನಲ್ಲಿಲ್ಲದ ಇನ್ನೂ ಹಲವು ಗುಣಗಳಿದ್ದವು. ಅಮ್ಮನ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. ಅದನ್ನು ಬರೆಯಹೊರಟರೆ ಪೆನ್ನು ಮುಂದೆ ಹೋಗುತ್ತಿರಲಿಲ್ಲ.

ಮಧ್ಯಾಹ್ನ ಸ್ನಾನ ಮುಗಿಸಿ ಬಂದು ನೋಡಿದರೆ, ಜುಲೈನಲ್ಲಿ ಬೋಳಿಸಿದ್ದ ಅವನ ತಲೆಯ ಹಾಗೆ ಶೆಲ್ಫು ಖಾಲಿ.

ಇಳಿದು ಹೋದರೆ, ಕೆಳಗಿನ ಮನೆಯ ಚೂಡಾಮಣಿ ಆಂಟಿ ಮಡಿಯಲ್ಲಿ ತಮ್ಮ ಹೊಸ್ತಿಲ ಮೇಲೇ ಸಿಕ್ಕರು. ಚಾಮರಾಜಪೇಟೆಯ ಆ ವಠಾರದ ಎಲ್ಲ ಮನೆಗಳ ಬೀಗದ ಕೈ ಅವರ ಸೆರಗಿನ ತುದಿಯಲ್ಲಿರುತ್ತಿತ್ತು.

"ನಿಮ್ಮನೇಲಿ ಈ ವರ್ಷ ಹಬ್ಬ ಇಲ್ಲ, ಸರಿ. ಪುಸ್ತಕಗಳು ಏನ್ ಮಾಡಿದ್ವು ಪಾಪ? ನಿಮ್ಮಮ್ಮ ಇದ್ದಿದ್ರೆ ಇಡ್ತಿರ್ಲಿಲ್ವಾ? ಶೆಲ್ಫಲ್ಲಿದ್ದದ್ದೆಲ್ಲ ತಂದು ನಮ್ಮ ಶಾರದೆ ಪೀಠದಲ್ಲಿಟ್ಟೆ."

"ಆಂಟಿ, ಅದರಲ್ಲಿ ಒಂದನ್ನ ಕಾಲೇಜಿಗೆ ಕೊಡ್ಬೇಕು."

"ಕೊಡು. ವಿಜಯದಶಮಿ ದಿನ ಶ್ರವಣ ನಕ್ಷತ್ರದಲ್ಲಿ ಎತ್ತಿ ಕೊಡ್ತೀನಿ."

"ಇವತ್ತು ಐದು ಗಂಟೆಯೊಳಗೆ ಕೊಡ್ಬೇಕು ಆಂಟಿ."

"ಇವತ್ತು ತಾಯಿ ಕೂತಾಗಿದೆ. ಸ್ವಲ್ಪ ಏಳಮ್ಮ ಅಂತ ಯಾರು ಹೇಳೋದು, ನೀನು ಹೇಳ್ತೀಯಾ?"

ಒಳಗೆ ರೇಷ್ಮೆ ವಸ್ತ್ರ ಹೊದ್ದ ಪುಸ್ತಕಗಳ ರಾಶಿ, ಮೇಲೆ ವೀಣೆ ಹಿಡಿದ ಶಾರದೆ. ಎಲ್ಲ ಲೇಬಲ್ಲುಗಳ ಮೇಲೂ ಗಂಧ ಕುಂಕುಮ ಮೆತ್ತಿ, ಯಾವುದು ಯಾವ ನೋಟ್‌ಬುಕ್ಕೆಂದು ಸ್ವತಃ ಶಾರದೆಗೂ ತಿಳಿಯುವಂತಿರಲಿಲ್ಲ.

ಜನ ಸೇರಿದರು. ಎದುರಿನ ಅಂಗಡಿಯ ರವಿಕುಮಾರ್, "ಫೋಟೋ ತೆಗೆದು ವಾಟ್ಸಾಪ್ ಮಾಡು ಮಗಾ" ಎಂದ. ಹೂವಿನ ಕಾವೇರಮ್ಮ ಬುಟ್ಟಿ ಇಳಿಸಿ, "ನೀರು ಬಿದ್ದು ಹಾಳಾಯ್ತು ಅಂದ್ಬಿಡಪ್ಪ" ಎಂದಳು.

"ಶಾರದೆ ಎದುರಿಗೇ ಸುಳ್ಳು ಹೇಳಿಸ್ತೀಯಲ್ಲೇ" ಎಂದು ಚೂಡಾಮಣಿ ಆಂಟಿ ಗದರಿದರು.

ಕೊನೆಗೆ ಮೂಲೆ ಮನೆಯ ನಿವೃತ್ತ ಸಂಸ್ಕೃತ ಮೇಷ್ಟ್ರು ಬದರೀನಾರಾಯಣರನ್ನು ಕರೆಸಿದರು. ಅವರು ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು, ವಾಚನಕ್ಕೆ ಕೂತವರಂತೆ ನಿಧಾನವಾಗಿ ಹೇಳಿದರು:

"ವಿದ್ಯೆಗೋಸ್ಕರ ತೆಗೆಯೋದು, ತಾಯಿ ಬೈಯಲ್ಲ. ಆದ್ರೆ ಒಂದು ತೆಗೆದರೆ ಒಂದು ಇಡಬೇಕು. ಒಂದಕ್ಕೇ ಅಪ್ಪಣೆ. ಕಣ್ಣು ಮುಚ್ಚಿ ತೆಗೀಬೇಕು, ದಾರೀಲಿ ಬಿಚ್ಚಬಾರದು."

ಬದಲಿಗೆ ಇಡಲು ಅವರೇ ಕಂಕುಳಲ್ಲಿದ್ದ ಪಂಚಾಂಗವನ್ನು ಕೊಟ್ಟರು. ಕೊಟ್ಟ ಮೇಲೆ, ಈಗ ರಾಹುಕಾಲವೋ ಅಲ್ಲವೋ ಎಂದು ಹೇಳಲು ಅವರಲ್ಲಿ ಏನೂ ಉಳಿಯಲಿಲ್ಲ.

"ನಿಂದು ಮೇಲಿಂದ ಎರಡನೇದು, ನಂಗೆ ಚೆನ್ನಾಗಿ ಜ್ಞಾಪಕ ಇದೆ" ಎಂದರು ಚೂಡಾಮಣಿ ಆಂಟಿ.

ರಾಘವ ಕಣ್ಣು ಮುಚ್ಚಿ ಎಳೆದ, ಓಡಿದ. ಸಿಕ್ಕ ಆಟೋದಲ್ಲಿ ಆಯುಧಪೂಜೆಯ ನಾಲ್ಕು ಬೂದುಗುಂಬಳಕಾಯಿಗಳು ಸೀಟು ಹಿಡಿದು ಕೂತಿದ್ದವು. ಒಂದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸವನಗುಡಿ ತಲುಪಿದಾಗ ಮೂರೂವರೆ.

ಸುಪ್ರಜಾ ಮೇಡಂ ನೋಟ್‌ಬುಕ್ ತೆರೆದರು. ಒಂದು ಪುಟ ಓದಿ ಕನ್ನಡಕ ಒರೆಸಿಕೊಂಡರು. ಇನ್ನೆರಡು ಪುಟ ಓದಿ, ಅವನ ಕಡೆಗೆ ತಿರುಗಿಸಿದರು.

*ಜೂನ್ 20. ರಾಘು ಸಾರು ಮಾಡಿದ. ಎರಡು ಸಲ ಉಪ್ಪು ಹಾಕಿದ್ದಾನೆ. ಚೆನ್ನಾಗಿದೆ ಅಂದೆ. ಇನ್ನೊಂದು ಸೌಟು ಬಡಿಸಿಬಿಟ್ಟ.*

*ಜುಲೈ 4. ನನಗೆ ಜಡೆ ಹೆಣೆದ. ಹಗ್ಗ ಹೊಸೆದ ಹಾಗಿದೆ. ಬಿಚ್ಚಲಿಲ್ಲ, ಹಾಗೇ ಮಲಗಿದೆ.*

*ಜುಲೈ 11. ಕಾಲೇಜಿಗೆ ಹೋಗ್ತೀನಿ ಅಂತ ಹೊರಟ. ಕಿಟಕಿಯಿಂದ ನೋಡಿದರೆ ಸಂಜೆವರೆಗೂ ಆಸ್ಪತ್ರೆ ಮೆಟ್ಟಿಲ ಮೇಲೇ ಕೂತಿದ್ದ. ಕ್ಲಾಸು ಹೇಗಿತ್ತೋ ಅಂದೆ. ಚೆನ್ನಾಗಿತ್ತಮ್ಮ ಅಂದ.*

ಅಮ್ಮ ತನಗೂ ಒಂದು ನೋಟ್‌ಬುಕ್ಕಿಗೆ ಬೈಂಡು ಹಾಕಿಕೊಂಡಿದ್ದಳೆಂದು ರಾಘವನಿಗೆ ಗೊತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಚೀಲದಲ್ಲಿದ್ದ ಪುಸ್ತಕಗಳನ್ನು ಅವನು ತೆರೆದು ನೋಡದೆಯೇ ಶೆಲ್ಫಿಗೆ ಸೇರಿಸಿದ್ದ.

"ಈ ಸೆಮಿಸ್ಟರಿನಲ್ಲಿ ನಂಗೆ ಬಂದಿರೋದ್ರಲ್ಲಿ ಇದೊಂದೇ ನಿಜ" ಎಂದರು ಮೇಡಂ. "ಆದ್ರೆ ನಿನ್ನ ಕೈಬರಹ ಅಲ್ಲವಲ್ಲಪ್ಪ. ಇದಕ್ಕೆ ಮಾರ್ಕ್ಸ್ ಹಾಕೋಕಾಗಲ್ಲ. ನಿಂದು ತಗೊಂಡು ಬಾ. ಐದರವರೆಗೂ ಕೂತಿರ್ತೀನಿ."

ಬಸ್ಸಿನಲ್ಲಿ ಅದನ್ನು ಬಿಚ್ಚಲಿಲ್ಲ. ಕಂಬಿ ಹಿಡಿದು ಜನರ ನಡುವೆ ಓದುವಂಥದ್ದಲ್ಲ ಅದು. ಎದೆಗವಚಿಕೊಂಡು ಮನೆ ತಲುಪಿದಾಗ ನಾಲ್ಕು ದಾಟಿತ್ತು.

"ತಪ್ಪಿ ಬೇರೆ ಬಂದಿದೆ. ನಂದು ಕೊಡಿ ಆಂಟಿ."

ಚೂಡಾಮಣಿ ಆಂಟಿ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಅವನ ಕೈಯಲ್ಲಿದ್ದದ್ದನ್ನು ನೋಡಿ ಹೇಳಿದರು:

"ತಾಯಿ ಹತ್ರ ಒಂದಕ್ಕೇ ಅಪ್ಪಣೆ ಕೇಳಿದ್ದು. ನಿಂದು ಬೇಕು ಅಂದ್ರೆ ಅದನ್ನ ವಾಪಸ್ ಇಡು. ಮೂರು ದಿನ ಅಷ್ಟೇ ಅಲ್ವೇನಪ್ಪ."

ಮೂರು ದಿನ. ಹತ್ತು ವಾರಗಳಿಂದ ಮನೆಯಲ್ಲಿ ಕೇಳದ ದನಿ ಮೂರು ಪುಟದಷ್ಟು ಕೇಳಿತ್ತು. ಮುಂದಿನ ಪುಟಗಳಲ್ಲಿ ಇನ್ನೇನೇನಿದೆಯೋ. ಗೋಡೆಯ ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ರಾಘವ ನೋಟ್‌ಬುಕ್ಕನ್ನು ಪೀಠದವರೆಗೆ ಚಾಚಿದ, ಹಿಂದಕ್ಕೆ ಎಳೆದುಕೊಂಡ.

"ನಂದು ಅಲ್ಲೇ ಇರಲಿ ಬಿಡಿ."

"ವರ್ಷ ಹೋಗುತ್ತಲ್ಲೋ" ಎಂದ ರವಿಕುಮಾರ್.

ರಾಘವ ಹೊರಗೆ ಮೆಟ್ಟಿಲ ಮೇಲೆ ಕೂತ. ಓದಬಾರದ ದಿನವಾದರೂ ಯಾರೂ ತಡೆಯಲಿಲ್ಲ. ಮೇಷ್ಟ್ರು ಆಕಾಶ ನೋಡಿದರು. ಕಾವೇರಮ್ಮ ಹೂವಿನ ಮೊಳ ಹಾಕತೊಡಗಿದಳು. ಅವನು ಜುಲೈ ಹನ್ನೊಂದರ ಪುಟ ತಿರುವಿದ.

ಖಾಲಿ. ಇನ್ನೊಂದು ತಿರುವಿದ, ಖಾಲಿ. ಕೊನೆಯವರೆಗೂ ಬರೀ ಮಾರ್ಜಿನ್ನು. ಕೆಂಪು ಗೆರೆ ಮೊದಮೊದಲು ನೆಟ್ಟಗಿದ್ದು, ಬರಬರುತ್ತ ನಡುಗಿತ್ತು. ಆದರೆ ಒಂದು ಪುಟವನ್ನೂ ಬಿಟ್ಟಿರಲಿಲ್ಲ.

ಒಳಗೆ ಗಡಿಯಾರ ಐದು ಹೊಡೆಯಿತು. ಬಹಳ ಹೊತ್ತಿನ ಮೇಲೆ ರಾಘವ ಜೇಬಿನಿಂದ ಪೆನ್ನು ತೆಗೆದು, ಮೊದಲ ಖಾಲಿ ಪುಟದ ಮೇಲೆ 'ಜುಲೈ 12' ಎಂದು ಬರೆಯಲು ಬಾಗಿದ.

"ಓದಿದ್ದೂ ಆಯ್ತು, ಈಗ ಬರೆಯೋದೂ ಬೇರೆ ಬೇಡಪ್ಪ" ಎಂದು ಚೂಡಾಮಣಿ ಆಂಟಿ ಪೆನ್ನನ್ನು ಮೆಲ್ಲಗೆ ಕಿತ್ತುಕೊಂಡು, ಬಾಳೆಲೆಯ ತುಂಡಿನಲ್ಲಿ ಕಡಲೆ ಉಸಲಿ ಇಟ್ಟರು. "ಬೆಳಗಿಂದ ಏನೂ ತಿಂದಿಲ್ಲ ನೀನು. ನೈವೇದ್ಯಕ್ಕೆ ಅಂತ ರುಚಿ ನೋಡಿಲ್ಲ ನಾನು. ಉಪ್ಪು ಸರಿಯಾಗಿದ್ಯಾ ಹೇಳು."

ರಾಘವ ಬಾಯಿಗೆ ಹಾಕಿಕೊಂಡ. ಗಡಿಬಿಡಿಯಲ್ಲಿ ಎರಡು ಸಲ ಉಪ್ಪು ಬಿದ್ದಿತ್ತು. ಕಣ್ಣಲ್ಲಿ ನೀರು ಬಂತು, ಉಪ್ಪಿಗೇ ಎಂದು ಎಲ್ಲರೂ ತಿಳಿಯಬಹುದಿತ್ತು.

"ಚೆನ್ನಾಗಿದೆ ಆಂಟಿ" ಎಂದ.

ಅವರು ಸಂತೋಷದಿಂದ ಇನ್ನೊಂದು ಸೌಟು ಬಡಿಸಿಬಿಟ್ಟರು.