ಪೇರಲ ಹಣ್ಣಿಗೆ ಗಾಯ ಮಾಡದ ಚಾಕು

ಪರರ ತಪ್ಪನ್ನು ಕಂಡೂ ಕಾಣದಂತೆ ಇರುವುದು ದೊಡ್ಡ ಗುಣವೆಂದು ಹಿರಿಯರು ಹೇಳುತ್ತಾರೆ. ತಪ್ಪು ತಿಥಿವಾರಗಳದ್ದಾಗಿದ್ದರೆ ಆ ಗುಣ ನನ್ನಲ್ಲಿ ಇಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶಾಸನಗಳನ್ನು ಓದುವುದು, ಅವುಗಳಲ್ಲಿ ಹೇಳಿದ ತಿಥಿಗೆ ಹೇಳಿದ ವಾರ ಹೊಂದುತ್ತದೆಯೋ ಇಲ್ಲವೋ ಎಂದು ಕೋಷ್ಟಕಗಳನ್ನು ಹಾಕಿ ನೋಡುವುದು, ಹೊಂದದಿದ್ದರೆ ‘ಲಿಪಿಕಾರನ ದೋಷ’ ಎಂದು ಅಡಿಟಿಪ್ಪಣಿ ಬರೆಯುವುದು ನನ್ನ ಉದ್ಯೋಗವಾಗಿತ್ತು. ನಿವೃತ್ತನಾದರೂ ಚಟ ನಿವೃತ್ತವಾಗಲಿಲ್ಲ. ಒಮ್ಮೆ ದಾಯಾದಿಯೊಬ್ಬರ ಮಗನ ಲಗ್ನಪತ್ರಿಕೆಯಲ್ಲಿ ದಶಮಿಗೂ ಗುರುವಾರಕ್ಕೂ ತಾಳೆಯಾಗುತ್ತಿಲ್ಲವೆಂದು ಅವರ ಮನೆಗೇ ಹೋಗಿ ತಿಳಿಸಿ ಬಂದೆ. ಆಗಲೇ ಪತ್ರಿಕೆಗಳೆಲ್ಲ ಹಂಚಿ ಮುಗಿದಿದ್ದವು. ಅಂದಿನಿಂದ ಆ ಕಡೆಯ ಬಂಧುಗಳ ಲಗ್ನಪತ್ರಿಕೆಗಳು ನನಗೆ ಲಗ್ನವಾದ ಮರುದಿನ ತಲುಪುತ್ತವೆ. ಅಂಚೆಯ ತಪ್ಪೆಂದು ಬಹುಕಾಲ ನಂಬಿದ್ದೆ.

ಈ ಚಟದಿಂದ ನಾನು ಒಂದು ಮಧ್ಯಾಹ್ನ ಅಪರಾಧಿಯೂ ಆದೆ. ಅದಕ್ಕೆ ಕಾರಣವಾದದ್ದು ಒಂದು ಮಡಚುವ ಚಾಕು. ಎಪ್ಪತ್ತರ ದಶಕದಲ್ಲಿ ಬಾದಾಮಿಯ ಪೇಟೆಯಲ್ಲಿ ಕೊಂಡದ್ದು. ಕೋಡಿನ ಹಿಡಿ, ಹಿತ್ತಾಳೆಯ ಮೊಳೆ, ತೆರೆದಾಗ ‘ಟಕ್’ ಎಂಬ ಗಂಭೀರ ಸದ್ದು. ಅಲಗಿನ ಉದ್ದ ಮೂರೂಕಾಲು ಇಂಚು. ಈ ಅಳತೆಯನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಶಾಸನಗಳ ಛಾಯಾಚಿತ್ರ ತೆಗೆಯುವಾಗ ಅಕ್ಷರಗಳ ಗಾತ್ರ ತಿಳಿಯಲೆಂದು ಕಲ್ಲಿನ ಪಕ್ಕದಲ್ಲಿ ಒಂದು ಅಳತೆಯ ವಸ್ತುವನ್ನು ಇಡಬೇಕು. ನಾನು ತೆರೆದ ಚಾಕುವನ್ನು ಇಡುತ್ತಿದ್ದೆ. ನನ್ನ ನೂರಾರು ಚಿತ್ರಗಳಲ್ಲಿ ದಾನಶಾಸನ, ವೀರಗಲ್ಲು, ಮಾಸ್ತಿಕಲ್ಲುಗಳ ಪಕ್ಕದಲ್ಲಿ ಆ ಚಾಕು ಮಲಗಿದೆ. ಅಂಥ ಅಲಗಿಗೆ ಸಾಣೆ ಹಿಡಿಸಿದರೆ ಉದ್ದ ಕಡಿಮೆಯಾಗುತ್ತದೆ, ಉದ್ದ ಕಡಿಮೆಯಾದರೆ ಚಿತ್ರಗಳ ಪ್ರಮಾಣವೆಲ್ಲ ಕೆಡುತ್ತದೆ. ಆದ್ದರಿಂದ ಕೊಂಡ ದಿನದಿಂದ ಅದಕ್ಕೆ ಸಾಣೆಯ ಸೋಂಕು ತಗಲಿಸಿರಲಿಲ್ಲ. ಪೆನ್ಸಿಲನ್ನು ಅದು ಹೆರೆಯುತ್ತಿರಲಿಲ್ಲ, ಕಾಡಿ ಕಾಡಿ ಒಪ್ಪಿಸುತ್ತಿತ್ತು. ನನ್ನ ಹೆಂಡತಿ ಒಮ್ಮೆ ಅಡುಗೆಮನೆಯಲ್ಲಿ ಅದನ್ನು ಬದನೆಕಾಯಿಯ ಮೇಲೆ ಪ್ರಯೋಗಿಸಿ ನೋಡಿ, ತೊಳೆದು, ಮಡಚಿ, ನನ್ನ ಮೇಜಿನ ಮೇಲೆ ಇಟ್ಟುಹೋದಳು.

ಚಾಕು ಹಿಡಿದು ಊರೂರು ತಿರುಗುವವನು ಕಾಯಿದೆ ತಿಳಿದಿರಬೇಕೆಂದು ಬಾಗಲಕೋಟೆಯ ಪರಿಚಿತ ವಕೀಲರೊಬ್ಬರನ್ನು ಕೇಳಿದ್ದೆ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲವಾದ ಅಲಗುಗಳ ಬಗ್ಗೆ ಮಾತ್ರ ಶಸ್ತ್ರ ಕಾಯಿದೆಯ ನಿಯಮಗಳು ತಲೆಕೆಡಿಸಿಕೊಳ್ಳುತ್ತವೆ. ಅದರಲ್ಲಿಯೂ ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗಳ ಸಲಕರಣೆಗಳಿಗೆ ವಿನಾಯಿತಿ ಇದೆ ಎಂದು ಅವರು ವಿವರಿಸಿದರು. ನಾನು ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಚಾಕುವಿಗೆ ಸುತ್ತಿ ಇಟ್ಟಿದ್ದೆ. ನಿಷೇಧಾಜ್ಞೆ ಎಂಬ ಇನ್ನೊಂದು ಸಂಗತಿ ಲೋಕದಲ್ಲಿದೆಯೆಂಬುದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎಂಬತ್ತರ ದಶಕದ ಒಂದು ವರ್ಷ, ಹುನಗುಂದದ ಆಚೆಯ ಹಳ್ಳಿಯೊಂದರಿಂದ ನನಗೆ ಒಂದು ಕಾರ್ಡು ಬಂತು. ಬರೆಸಿದವರು ಅಲ್ಲಿಯ ಬೀರಪ್ಪನ ಗುಡಿಯ ಪೂಜಾರಿ ಮಾಳಪ್ಪ. ಗುಡಿಗೆ ಹೊಸ ಹೊಸ್ತಿಲು ಹಾಕಲು ಹೊಲದಿಂದ ತಂದ ಕಲ್ಲಿನ ತುಂಬ ಅಕ್ಷರಗಳಿವೆಯೆಂದೂ, ಅಕ್ಷರದ ಮೇಲೆ ಕಾಲಿಡುವುದು ಪಾಪವಾದ್ದರಿಂದ ಮುಖವನ್ನು ಕೆಳಗೆ ಮಾಡಿ ಗೌಂಡಿಯಿಂದ ಗಚ್ಚು ಹಾಕಿಸಿ ಕೂಡಿಸುವುದೆಂದು ಊರ ಹಿರಿಯರಾದ ದೈವದವರು ನಿಶ್ಚಯಿಸಿದ್ದಾರೆಂದೂ ಬರೆಸಿದ್ದರು. ಅಕ್ಷರಕ್ಕೆ ಇಷ್ಟು ಮರ್ಯಾದೆ ಕೊಟ್ಟು ಅದನ್ನು ಹುಗಿಯುವ ಜನರೊಡನೆ ವಾದಿಸುವುದು ಕಷ್ಟ. ಕೊನೆಯ ಸಾಲು ಹೀಗಿತ್ತು: ‘ಮಂಗಳವಾರ ಹೊತ್ತು ಮುಳುಗೂ ಮಟ ಕಾಯ್ತೀವಿ. ಆಮ್ಯಾಲೆ ಗೌಂಡಿ ನಮ್ಮ ಮಾತು ಕೇಳಂಗಿಲ್ಲ.’ ಕಾರ್ಡು ನನ್ನ ಕೈ ಸೇರಿದ್ದು ಸೋಮವಾರ ಸಂಜೆ. ಮರುದಿನ ನಸುಕಿನಲ್ಲಿಯೇ ಬಾದಾಮಿಯಿಂದ ಹೊರಟೆ. ಚೀಲದಲ್ಲಿ ಕಲ್ಲಿನ ಅಕ್ಷರಗಳ ಮೇಲೆ ಒತ್ತಿ ಪಡಿಯಚ್ಚು ತೆಗೆಯುವ ಕಾಗದದ ಸುರುಳಿ, ಮಸಿ, ಕುಂಚ, ಪಂಚಾಂಗ, ಚಾಕು.

ಬಾಗಲಕೋಟೆಯಲ್ಲಿ ಬದಲಾಯಿಸಿ ಹತ್ತಿದ ಬಸ್ಸನ್ನು ನಡುವಿನ ಒಂದು ಊರಿನಲ್ಲಿ ಪೊಲೀಸರು ನಿಲ್ಲಿಸಿದರು. ಊರಿನ ಹೆಸರು ಬೇಡ. ಅಲ್ಲಿ ಎರಡು ಓಣಿಯವರಿಗೆ ಯಾವುದೋ ಮೆರವಣಿಗೆಯ ದಾರಿಯ ಬಗ್ಗೆ ಮನಸ್ತಾಪವಾಗಿ, ಅಂದು ಬೆಳಗಿನ ಆರು ಗಂಟೆಯಿಂದ ನಿಷೇಧಾಜ್ಞೆ ಜಾರಿಗೆ ಬಂದಿತ್ತು. ಚೂರಿ, ಚಾಕು, ದೊಣ್ಣೆ ಯಾವುದನ್ನೂ ಹಿಡಿದು ತಿರುಗುವಂತಿರಲಿಲ್ಲ. ನನ್ನ ಚೀಲಕ್ಕೆ ಕೈಹಾಕಿದ ಪೊಲೀಸನಿಗೆ ಮೊದಲು ಸಿಕ್ಕದ್ದೇ ಚಾಕು. ಅವನು ಅದನ್ನು ತೆರೆದ. ‘ಟಕ್’ ಎಂದಿತು. ಬಸ್ಸಿನ ಜನವೆಲ್ಲ ನನ್ನತ್ತ ತಿರುಗಿತು. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಅಷ್ಟು ಗೌರವದಿಂದ ನೋಡಿದ್ದಿಲ್ಲ. ನನ್ನನ್ನು ಇಳಿಸಿಕೊಂಡು ಬಸ್ಸನ್ನು ಬಿಟ್ಟುಬಿಟ್ಟರು. ಮುಂದಿನ ಬಸ್ಸು ಎರಡು ಗಂಟೆಗೆ. ಅದೂ ತಪ್ಪಿದರೆ ಹೊತ್ತು ಮುಳುಗುವುದರೊಳಗೆ ಕಲ್ಲನ್ನು ಕಾಣುವ ಆಸೆ ಬಿಡಬೇಕಾಗಿತ್ತು.

ಚೌಕಿಯಲ್ಲಿದ್ದ ಹವಾಲ್ದಾರರು ಸಮಾಧಾನದ ಮನುಷ್ಯರು. ನನ್ನ ಕನ್ನಡಕ, ಕಾಗದದ ಸುರುಳಿ, ಚಾಕುವಿಗೆ ಸುತ್ತಿದ್ದ ಕಾಯಿದೆಯ ಚೀಟಿ ಎಲ್ಲವನ್ನೂ ನಿಧಾನವಾಗಿ ನೋಡಿದರು. ಒಂಬತ್ತು ಇಂಚಿನ ಕಾಯಿದೆ ಬೇರೆ, ಇಂದಿನ ಹುಕುಂ ಬೇರೆ ಎಂದು ಮೃದುವಾಗಿ ತಿಳಿಸಿದರು. ಬಸ್ಸಿನ ತುಂಬ ಜನರೆದುರು ಹಿಡಿದು ತಂದದ್ದರಿಂದ ಏನನ್ನೂ ಬರೆಯದೆ ಕಳಿಸುವಂತಿರಲಿಲ್ಲ. ಪಂಚರಾಗಿ ಇಬ್ಬರನ್ನು ಕರೆಸಿದರು: ಒಬ್ಬರು ಎದುರಿನ ಚಹದಂಗಡಿಯವರು, ಇನ್ನೊಬ್ಬಳು ಚೌಕಿಯ ಕಟ್ಟೆಯ ಮೇಲೆ ಪೇರಲ ಹಣ್ಣು ಮಾರುತ್ತಿದ್ದ ನಿಂಗವ್ವ. ಆಕೆ ಬುಟ್ಟಿಯ ಸಮೇತ ಒಳಗೆ ಬಂದು ಕುಳಿತಳು. ಹವಾಲ್ದಾರರು ಪಂಚನಾಮೆಯನ್ನು ಗಟ್ಟಿಯಾಗಿ ಓದುತ್ತ ಬರೆಯತೊಡಗಿದರು: ‘ಸೋಮವಾರ ಸಂಜೆ ಐದು ಗಂಟೆಯ ಸುಮಾರಿಗೆ ಬಸ್ಸಿನಲ್ಲಿ ಒಂದು ಮಡಚುವ ಚಾಕು...’

ಓದುಗರಿಗೆ ಈಗಾಗಲೇ ಅರ್ಥವಾಗಿರುತ್ತದೆ. ಚಹದಂಗಡಿಯವರಿಗೂ ಅರ್ಥವಾಗಿತ್ತು, ನಿಂಗವ್ವನಿಗೂ ಅರ್ಥವಾಗಿತ್ತು. ಆಜ್ಞೆ ಮಂಗಳವಾರದಿಂದ, ಚಾಕು ಸಿಕ್ಕದ್ದು ಸೋಮವಾರವೆಂದಾದರೆ ಅಪರಾಧವೇ ಇಲ್ಲ. ಆ ಕೋಣೆಯಲ್ಲಿ ಇದು ಅರ್ಥವಾಗದಿದ್ದ ಏಕೈಕ ವ್ಯಕ್ತಿ ಸಂಶೋಧಕನಾಗಿದ್ದನು. ನಾನು ಗಂಟಲು ಸರಿಪಡಿಸಿಕೊಂಡು, ಇಂದು ಸೋಮವಾರವಲ್ಲ ಮಂಗಳವಾರವೆಂದು ತಿಳಿಸಿದೆ. ಹವಾಲ್ದಾರರು ತಲೆಯೆತ್ತದೆ, ‘ಇರ್ಲಿ ಬಿಡ್ರಿ ಮಾಸ್ತರ್ರ’ ಎಂದರು. ದಾಖಲೆಯ ವಿಷಯದಲ್ಲಿ ‘ಇರಲಿ ಬಿಡಿ’ ಎನ್ನುವುದು ಹೇಗೆ ಸಾಧ್ಯ? ಮುಂದೆ ಯಾರಾದರೂ ಈ ಪಂಚನಾಮೆಯನ್ನು ಸಂಶೋಧಿಸಿದರೆ ಏನು ಗತಿ? ಚೀಲದಿಂದ ಪಂಚಾಂಗ ತೆಗೆದು, ಪಂಚಮಿಯ ಮೇಲೆ ಬೆರಳಿಟ್ಟು, ಸೂರ್ಯೋದಯದ ಗಳಿಗೆಯನ್ನೂ ಸೇರಿಸಿ, ಇಬ್ಬರು ಪಂಚರಿಗೂ ಮಂಗಳವಾರವನ್ನು ಸಾಧಿಸಿ ತೋರಿಸಿದೆ. ಅಷ್ಟರಲ್ಲಿ ನನ್ನನ್ನು ಹಿಡಿದು ತಂದ ಪೊಲೀಸನೂ ಬಾಗಿಲಲ್ಲಿ ಬಂದು ನಿಂತು ಕೇಳುತ್ತಿದ್ದ. ಹವಾಲ್ದಾರರು ಲೇಖನಿಯನ್ನು ಕೆಳಗಿಟ್ಟರು.

‘ಮಾಸ್ತರ್ರ, ನಾ ನಿಮ್ಮನ್ನ ನಿನ್ನಿಗೆ ಕಳಿಸಿದ್ದೆ. ನೀವ ಪಂಚಾಂಗ ಹಿಡಕೊಂಡು ಇವತ್ತಿಗೆ ತಿರಗಿ ಬಂದ್ರಿ.’

ಆಮೇಲೆ ಅವರು ‘ಸೋಮವಾರ’ವನ್ನು ಒಂದೇ ಗೆರೆಯಿಂದ ಹೊಡೆದುಹಾಕಿದರು. ನಾನು ಕುರ್ಚಿಯಿಂದ ಬೆಂಚಿಗೆ ಬಂದೆ. ಬಂದೋಬಸ್ತಿಗೆ ಹೋಗಿರುವ ಸಾಹೇಬರು ಸಂಜೆ ಬಂದ ಮೇಲೆಯೇ ತೀರ್ಮಾನವೆಂದಾಯಿತು. ಗೋಡೆಯ ಗಡಿಯಾರ ಒಂದನ್ನು ಹೊಡೆಯಿತು. ಆಗ ನನ್ನ ಕಣ್ಣ ಮುಂದೆ ಬಂದದ್ದು ಸೆರೆಮನೆಯಲ್ಲ. ಮುಖ ಕೆಳಗಾಗಿ, ಗಚ್ಚಿನೊಳಗೆ ಶಾಶ್ವತವಾಗಿ ಇಳಿಯುತ್ತಿರುವ ಕಲ್ಲು. ಆ ಸಂಕಟದಲ್ಲಿ ನಾನು ಕಲ್ಲು, ಕಾರ್ಡು, ಗೌಂಡಿ ಎಲ್ಲವನ್ನೂ ಹೇಳಿದೆ. ಚಾಕು ಆಯುಧವಲ್ಲ, ಪೆನ್ಸಿಲ್ ಮತ್ತು ಕಾಗದದ ಸಲಕರಣೆ ಎಂದು ಬೇಡಿಕೊಂಡೆ.

ನಿಂಗವ್ವ ಮೇಜಿನ ಮೇಲಿದ್ದ ಚಾಕುವನ್ನು ಎತ್ತಿಕೊಂಡಳು. ಬುಟ್ಟಿಯಿಂದ ಒಂದು ದೋರೆ ಹಣ್ಣನ್ನು ಆರಿಸಿ ಕೊಯ್ಯಲು ಹೋದಳು. ಅಲಗು ಜಾರಿತು. ಮತ್ತೆ ಒತ್ತಿದಳು. ಹಣ್ಣು ಕೈಯಿಂದ ಹಾರಿ ಹವಾಲ್ದಾರರ ಟೊಪ್ಪಿಗೆಯ ಪಕ್ಕಕ್ಕೆ ಹೋಗಿ ಕುಳಿತಿತು. ಸಿಪ್ಪೆಯ ಮೇಲೆ ಗೀರು ಕೂಡ ಬಿದ್ದಿರಲಿಲ್ಲ. ಆಕೆ ಚಾಕುವನ್ನು ಹೊರಳಿಸಿ ಹೊರಳಿಸಿ ನೋಡಿ, ‘ಹವಾಲ್ದಾರ್ರ, ಇದರಿಂದ ಯಾರ ಜೀವಾನೂ ಹೋಗೂದಿಲ್ರಿ. ಹಿಡದವರ ತಾಳ್ಮಿ ಹೋಗ್ತೈತಿ, ಅಷ್ಟ’ ಎಂದಳು. ಹಾಗೆಂದವಳು ತನ್ನ ಬುಟ್ಟಿಯ ಎಲೆಗಳ ಕೆಳಗಿನಿಂದ ಗೇಣುದ್ದದ ಚಾಕು ತೆಗೆದು ಅದೇ ಹಣ್ಣನ್ನು ಎರಡೇ ಏಟಿಗೆ ನಾಲ್ಕು ಹೋಳು ಮಾಡಿ ಎಲ್ಲರಿಗೂ ಕೊಟ್ಟಳು. ಹವಾಲ್ದಾರರು ಆ ಹೊತ್ತಿನಲ್ಲಿ ಕಿಟಕಿಯ ಹೊರಗೆ ನೋಡುತ್ತಿದ್ದರು.

ನನ್ನ ಚಾಕುವಿಗೆ ಈ ರೀತಿ ಅವಮಾನವಾದದ್ದನ್ನು ನನಗೆ ಸಹಿಸಲಾಗಲಿಲ್ಲ. ಸ್ವಲ್ಪ ತಾಳಿಕೊಂಡರೆ ಅದು ಪೆನ್ಸಿಲನ್ನು ಚೆನ್ನಾಗಿಯೇ ಹೆರೆಯುತ್ತದೆ ಎಂದು ಹೇಳಲು ಬಾಯಿ ತೆರೆದೆ. ನಿಂಗವ್ವ ನನ್ನ ಪಾಲಿನ ಹೋಳನ್ನು ಕೈಗಿಟ್ಟು, ‘ಹಣ್ಣ ತಿನ್ರಿ ಮಾಸ್ತರ್ರ. ಬಾಯಿ ಖಾಲಿ ಇದ್ರ ಮತ್ತ ಏನರ ತಿದ್ದೀರಿ’ ಎಂದಳು. ತಿಂದೆ. ಹವಾಲ್ದಾರರು ಹೊಸ ಹಾಳೆ ತೆಗೆದು ಮತ್ತೆ ಓದುತ್ತ ಬರೆದರು: ‘ಮಂಗಳವಾರ. ಪೆನ್ಸಿಲ್ ಹೆರೆಯುವ ಮಡಚುವ ಸಾಧನ ಒಂದು. ಹರಿತವಿಲ್ಲ. ಪಂಚರ ಸಮಕ್ಷಮ ಪೇರಲ ಹಣ್ಣಿನ ಮೇಲೆ ಪರೀಕ್ಷಿಸಲಾಗಿ ಹಣ್ಣಿಗೆ ಗಾಯವಾಗಿಲ್ಲ.’ ನನ್ನ ಇಡೀ ಸಂಶೋಧನ ಜೀವನದಲ್ಲಿ ಇಷ್ಟು ಸಂಕ್ಷಿಪ್ತವಾದ, ಪ್ರಯೋಗಸಿದ್ಧವಾದ ವಾಕ್ಯವನ್ನು ನಾನು ಬರೆದಿಲ್ಲ. ಆಜ್ಞೆ ಮುಗಿಯುವವರೆಗೆ ಸಾಧನ ಚೌಕಿಯಲ್ಲಿ ಇರತಕ್ಕದ್ದು, ಸಾಧಕ ಹೋಗಬಹುದು ಎಂದಾಯಿತು. ಎರಡು ಗಂಟೆಯ ಬಸ್ಸಿಗೆ ಹವಾಲ್ದಾರರೇ ಕೈಮಾಡಿ ಹತ್ತಿಸಿದರು.

ಹಳ್ಳಿ ಸೇರಿದಾಗ ಹೊತ್ತು ಇನ್ನೂ ಎರಡಾಳು ಮೇಲಿತ್ತು. ಗೌಂಡಿ ಗಚ್ಚು ಕಲಸಲು ನೀರು ತರಿಸಿದ್ದ. ಮಾಳಪ್ಪನವರು ಹೊಸ್ತಿಲ ಕಲ್ಲಿನ ಮೇಲೆ ತಮ್ಮ ಕಂಬಳಿ ಹಾಸಿ, ಅದರ ಮೇಲೆ ಕುಳಿತುಬಿಟ್ಟಿದ್ದರು. ಪೂಜಾರಿಯನ್ನು ಎತ್ತಿ ಕಲ್ಲು ತೆಗೆದುಕೊಳ್ಳುವ ಧೈರ್ಯ ಗೌಂಡಿಗೂ ಇರಲಿಲ್ಲ. ಕಾಗದ ಕತ್ತರಿಸಲು ಚಾಕು ಇಲ್ಲವೆಂದಾಗ ಅವರು ಒಳಗಿನಿಂದ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ತಂದರು. ಯಾವ ನಿಯಮದ ಒಂಬತ್ತು ಇಂಚಿಗೂ ಅದು ಜಗ್ಗುವಂತಿರಲಿಲ್ಲ. ನನ್ನ ವೃತ್ತಿಯಲ್ಲಿ ಪಡಿಯಚ್ಚಿನ ಕಾಗದ ಅಷ್ಟು ನೇರವಾಗಿ ಕತ್ತರಿಸಿದ್ದು ಅದೊಂದೇ ಸಲ. ಅಚ್ಚು ಒಣಗಿ ಅಕ್ಷರಗಳು ಬೆಳ್ಳಗೆ ಎದ್ದುಬಂದಾಗ ಊರವರೆಲ್ಲ ಬಗ್ಗಿ ನೋಡಿದರು. ಕುರಿಹಟ್ಟಿಗೆಂದು ಯಾರೋ ಬಿಟ್ಟುಕೊಟ್ಟ ಭೂಮಿಯ ದಾನಶಾಸನ ಅದು. ತಮ್ಮ ಹಿರಿಯರ ಸುದ್ದಿಯೆಂದು ತಿಳಿದ ಮೇಲೆ ಹೊಸ್ತಿಲಿಗೆ ಬೇರೆ ಕಲ್ಲು ಬಂತು. ಇದು ಗುಡಿಯ ಗೋಡೆಗೆ ಮುಖ ಹೊರಗಾಗಿ ನಿಂತಿತು, ಇಂದಿಗೂ ನಿಂತಿದೆ.

ಮನೆಗೆ ಬಂದು ಕೋಷ್ಟಕ ಹಾಕಿದೆ. ಶಾಸನ ಆದಿತ್ಯವಾರವೆಂದು ಹೇಳುತ್ತದೆ. ತಿಥಿಯನ್ನು ಗಣಿಸಿದರೆ ಶನಿವಾರ ಬರುತ್ತದೆ. ಅಭ್ಯಾಸಬಲದಿಂದ ‘ಲಿಪಿಕಾರನ’ ಎಂದು ಬರೆದು, ‘ದೋಷ’ ಎನ್ನುವ ಮೊದಲು ಕೈ ನಿಂತಿತು. ಆ ಲಿಪಿಕಾರನೂ ಯಾರನ್ನೋ ಒಂದು ದಿನ ಆಚೆಗೆ ಕಳಿಸಿ ಉಳಿಸಿರಬಹುದಲ್ಲವೆ? ಪಕ್ಕದಲ್ಲಿ ಪಂಚಾಂಗ ಹಿಡಿದ ಪಂಡಿತನಿಲ್ಲದ್ದು ಅವರ ಪುಣ್ಯ. ‘ವಾರ ಹೊಂದುವುದಿಲ್ಲ, ಕಾರಣ ತಿಳಿಯದು’ ಎಂದಷ್ಟೇ ಬರೆದೆ.

ವಾರದ ನಂತರ ಚಾಕು ತರಲು ಹೋದಾಗ ಹವಾಲ್ದಾರರು ಅದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಸಾಣೆಯವನು ಚೌಕಿಯ ಮುಂದೆ ಬಂದಿದ್ದನಂತೆ. ನನ್ನ ಮೇಲಿನ ಕನಿಕರದಿಂದ ಹರಿತ ಮಾಡಿಸಿದ್ದರು. ‘ಈಗ ಇದು ಖರೆ ಚಾಕು ಆತ್ರಿ. ಇನ್ನ ಮುಂದ ಹಿಡಕೊಂಡು ತಿರಗಬ್ಯಾಡ್ರಿ’ ಎಂದರು. ಅಳೆದು ನೋಡಿದೆ. ಅಲಗು ಅರ್ಧ ನೂಲು, ಎಂದರೆ ಇಂಚಿನ ಹದಿನಾರನೆಯ ಒಂದು ಪಾಲು, ಕಡಿಮೆಯಾಗಿತ್ತು. ನನ್ನ ಛಾಯಾಚಿತ್ರಗಳನ್ನು ಈಗ ಸಾಣೆಪೂರ್ವ, ಸಾಣೋತ್ತರ ಎಂದು ಎರಡು ಕಾಲಗಳಾಗಿ ವಿಂಗಡಿಸಿದ್ದೇನೆ. ಚಾಕು ಅಡುಗೆಮನೆಯಲ್ಲಿದೆ, ಬದನೆಕಾಯಿಯೊಡನೆ ಅದರ ಸಂಬಂಧ ಬಹಳ ಸುಧಾರಿಸಿದೆ.

ಪ್ರತಿಯೊಂದು ದಿನಾಂಕವನ್ನೂ ತಾಳೆ ನೋಡುವವನ ಬರಹದಲ್ಲಿ ಇಸವಿಯೇ ಇಲ್ಲದಿರುವುದನ್ನು ಸೂಕ್ಷ್ಮ ಓದುಗರು ಗಮನಿಸಿರಬಹುದು. ಹವಾಲ್ದಾರರು ಈಗ ನಿವೃತ್ತರು, ನನ್ನಂತೆಯೇ. ಆದರೂ ಮೊದಲ ಹಾಳೆಯ ಸೋಮವಾರವನ್ನು ಯಾರೂ ಹುಡುಕಿಕೊಂಡು ಹೋಗುವುದು ಬೇಡ. ಪಂಚಮಿ, ಮಂಗಳವಾರ ಎಂದು ಮೇಲೆ ಬರೆದಿದ್ದೇನಲ್ಲ, ಅವು ಸರಿಯೆಂದು ನಾನು ಎಲ್ಲಿಯೂ ಹೇಳಿಲ್ಲ. ದಯವಿಟ್ಟು ಪಂಚಾಂಗ ತೆಗೆಯಬೇಡಿ. ಇರಲಿ ಬಿಡಿ.