ತಳದ ಕಾಳು ತೋರಿಸ್ರಿ

ನಮ್ಮ ಅಕ್ಕನ ಗಂಡನನ್ನು ದಯವಿಟ್ಟು ಯಾವ ಮದುವೆಯ ಊಟಕ್ಕೂ ಕರೆಯಬೇಡಿ. ಕರೆದರೆ ಲಾಡಿನ ರಾಶಿಯ ತಳದಿಂದಲೇ ಒಂದನ್ನು ಎಳೆಯುತ್ತಾರೆ. ಉಳಿದವು ಉರುಳಿ ಬೀಗರ ಕಾಲ ಬಳಿ ಸೇರುತ್ತವೆ! ಹುಮನಾಬಾದಿನ ಮಾರುಕಟ್ಟೆಯಲ್ಲಿ ಅವರದು ತೊಗರಿ ವ್ಯಾಪಾರ. ಚೀಲದ ಬಾಯಲ್ಲಿ ಹೊಳೆಯುವ ಕಾಳನ್ನು ಅವರು ಎಂದೂ ನಂಬಿದವರಲ್ಲ. ಮೊನಚು ಕೊಳವೆಯೊಂದನ್ನು ಚೀಲದ ಹೊಟ್ಟೆಗೆ ಚುಚ್ಚಿ, ತಳದ ಕಾಳು ತೆಗೆದು ನೋಡಿದ ಮೇಲೆಯೇ ಮಾತು. ಈ ಚಟ ಅಂಗಡಿಯಲ್ಲೇ ಉಳಿದಿದ್ದರೆ ನಾನೇಕೆ ಬರೆಯುತ್ತಿದ್ದೆ?

“ನನ್ನ ನೋಡಾಕ ಬಂದಾಗೂ ಹಿತ್ತಲ ಬಾಗಿಲಿಂದ ಬಂದಿದ್ರು,” ಎಂದು ಅಕ್ಕ ಇಂದಿಗೂ ಹಂಗಿಸುತ್ತಾಳೆ.

“ನೀ ಒಲಿ ಮುಂದ ಕೂತು ಎಲ್ಲಾರ್ನೂ ಬೈಯಾಕತ್ತಿದ್ದಿ. ಕಾಳು ಗಟ್ಟಿ ಅದ ಅಂತ ಅಲ್ಲೇ ಒಪ್ಪಿದೆ!”

ಇಂಥ ನಮ್ಮ ಮಾಮಾ ಹುಡಗಿ ಎಂಬ ಊರಿನ ಸಮೀಪದ ತಮ್ಮ ಹಳ್ಳಿಯ ಪ್ರಾಥಮಿಕ ಶಾಲೆಯ ಸಮಿತಿಗೆ ಅಧ್ಯಕ್ಷರಾದರು. ಓದಿನಲ್ಲಿ ಹಿಂದುಳಿದ ಶಾಲೆಯೆಂದು ಅದಕ್ಕೆ ಸುಧಾರಣೆಯ ಅನುದಾನ ಬಂದಿತ್ತು. ಹಿಂದುಳಿದರೂ ಹಣ ಸಿಗುತ್ತದೆಂದು ಊರಿಗೆ ಊರೇ ಖುಷಿ! ಒಬ್ಬರಿಗೆ ಕಮಾನು ಬೇಕು, ಇನ್ನೊಬ್ಬರಿಗೆ ಗೋಡೆಗೆ ಬಣ್ಣ.

“ಚೀಲಕ್ಕ ಬಣ್ಣ ಹಚ್ಚಿದ್ರ ತೊಗರಿ ರೇಟ್ ಏರ್ತದೇನ್ರಿ?” ಎಂದು ಮಾಮಾ ಗದರಿದರು. ಕೊನೆಗೆ ಆ ಹಣದಲ್ಲಿ, ಓದಲು ಬಾರದ ಮಕ್ಕಳಿಗಾಗಿಯೇ ಒಬ್ಬ ಟೀಚರಮ್ಮ ಬಂದರು.

ವರ್ಷ ಮುಗಿಯುವಾಗ ತಪಾಸಣೆ. ಸುಧಾರಣೆ ಕಾಣದಿದ್ದರೆ ಅನುದಾನ ನಿಂತು, ಟೀಚರಮ್ಮ ಮನೆಗೆ. ಮಾಮಾ ಕರೆದರೆಂದು ನಾನೂ ಬಸವಕಲ್ಯಾಣದಿಂದ ಸಮಯಕ್ಕೆ ಮೊದಲೇ ತಲುಪಿದ್ದೆ. ತಪಾಸಣೆಯ ಸಾಹೇಬರು ತಡವಾಗಿ ಬಂದರು. ಅದನ್ನು ನಾನಿನ್ನೂ ಕ್ಷಮಿಸಿಲ್ಲ. ಹೆಡ್ ಮಾಸ್ತರರು ಜಾಣರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂಡಿಸಿದ್ದರು. ಎಂಥ ನೇರವಾದ ಸಾಲು! ಮಕ್ಕಳು ಪಟಪಟನೆ ಓದಿದರು. ಸಾಹೇಬರು ಮೆಚ್ಚಿ ಪೆನ್ನು ತೆಗೆದರು. ಅಷ್ಟರಲ್ಲಿ ನಮ್ಮ ಮಾಮಾ ಎದ್ದರು.

“ಸಾಹೇಬ್ರ, ಮ್ಯಾಲಿನ ಕಾಳು ನೋಡೇ ಸೌದಾ ಮುಗಿಸ್ತೀರೇನ್ರಿ?”

ನೇರ ಹಿಂದಿನ ಸಾಲಿಗೆ ಹೋಗಿ, ಗೋಡೆಗೆ ಅಂಟಿ ಕೂತಿದ್ದ ಹುಡುಗಿಯೊಬ್ಬಳ ಕೈಹಿಡಿದು ಕರೆತಂದರು. ಕಬ್ಬು ಕಡಿಯುವವರ ಮಗಳು. ಕಟಾವಿನ ಕಾಲವಿಡೀ ತಂದೆತಾಯಿಯ ಬೆನ್ನಹಿಂದೆ ಅಲೆದು ಪಾಠ ಕಳೆದುಕೊಂಡವಳು; ಟೀಚರಮ್ಮ ಬರುವ ಮೊದಲು ಒಂದಕ್ಷರವೂ ಬಾರದಿದ್ದವಳು.

“ಯಜಮಾನ್ರ, ಎಲ್ಲಾ ಹಾಳ್ ಮಾಡಾಕತ್ತೀರಿ!” ಹೆಡ್ ಮಾಸ್ತರರ ಮುಖ ಬಿಳಿಚಿತು.

ನಾನು ಮಾಮಾರ ಅಂಗಿ ಜಗ್ಗಿದೆ. “ಮಾಮಾ, ಸುಮ್ನ ಕೂಡ್ರಿ. ಟೀಚರಮ್ಮನ ನೌಕರಿ ಹೋಗ್ತದ.”

“ಈಕಿ ಸಲುವಾಗೇ ರೊಕ್ಕ ಬಂದಿದ್ದಲ್ಲೇನೋ? ಈಕಿನ್ನೇ ಮುಚ್ಚಿಟ್ರ ಹ್ಯಾಂಗ?”

ಹುಡುಗಿ ಪುಸ್ತಕದ ಮೇಲೆ ಬೆರಳಿಟ್ಟಳು. ಒಂದು ಅಕ್ಷರ. ಬೆರಳು ಅಲ್ಲೇ ನಿಂತಿತು. ಇನ್ನೊಂದು ಅಕ್ಷರ. ಹೆಡ್ ಮಾಸ್ತರರು ಹೇಳಿಕೊಡಲು ಬಾಯಿ ತೆರೆದರು. ಮಾಮಾ ಕೈಯೆತ್ತಿ ತಡೆದರು. ಮೊಣಕಾಲು ನೋವಿನ ಆ ಮನುಷ್ಯ ನೆಲಕ್ಕಿಳಿದು ಅವಳ ಪಕ್ಕದಲ್ಲೇ ಕೂತರು. ಸಾಹೇಬರ ಚಹಾದ ಮೇಲೆ ಕೆನೆ ಕಟ್ಟಿತು. ಅಂತೂ ಒಂದು ಸಾಲು ಮುಗಿಯಿತು. ಯಾರೂ ಹೇಳಿಕೊಡದ, ಬಾಯಿಪಾಠವಲ್ಲದ ಒಂದು ಇಡೀ ಸಾಲು.

ಬಾಗಿಲ ಬಳಿ ಟೀಚರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

“ಬರೋ ವರ್ಷನೂ ನೀವ ಇರ್ರಿ, ಟೀಚರ್,” ಎಂದರು ಸಾಹೇಬರು, ಮೆಲ್ಲಗೆ.

ಹುಡುಗಿಗೆ ಅದೊಂದೂ ಕೇಳಿಸಿರಲಿಲ್ಲ. ಅವಳ ಬೆರಳು ಆಗಲೇ ಕೆಳಗಿನ ಸಾಲಿಗೆ ಇಳಿದಿತ್ತು.

“ಅಜ್ಜಾ, ಮುಂದಿಂದೂ ಓದ್ಲ್ಯಾ?”

ಮಾಮಾ ಪುಸ್ತಕವನ್ನು ಅವಳತ್ತ ಇನ್ನಷ್ಟು ಸರಿಸಿದರು.